ಚೆಂಡು ಹೂ ಗಿಡ ಎದೆಮಟ್ಟ ಬೆಳೆದಿದೆ, ಒಂದು ಮೊಗ್ಗೂ ಇಲ್ಲ!

ನಿಟುವಳ್ಳಿ ಹಿತ್ತಲು:
ಸಾಕಾಗಿ ಹೋಗಿದೆ. ಆರಿದ್ರಾ ಮಳೆಗೆ ಬೀಜ ಹಾಕಿದ್ದು, ಈಗ ಉತ್ತರೆ ಮಳೆ ನಡೆಯುತ್ತಿದೆ. ಹದಿನಾಲ್ಕು ಗಿಡ, ಎಲ್ಲಾ ಎದೆಮಟ್ಟ. ಎಲೆ ಕಡು ಹಸಿರು, ಕಾಂಡ ಹೆಬ್ಬೆರಳು ದಪ್ಪ. ಮೊಗ್ಗು ಮಾತ್ರ ಸೊನ್ನೆ. ಆಯುಧ ಪೂಜೆಗೆ ಬೈಕಿಗೆ ಮನೆ ಹೂವಿನ ಮಾಲೆಯನ್ನೇ ಹಾಕುತ್ತೇನೆ ಅಂತ ಹೇಳಿಕೊಂಡು ತಿರುಗಿದ್ದೆ. ಈಗ ನಮ್ಮಾಕೆ ದಿನಾ "ಪಲ್ಯ ಮಾಡ್ಲಾ ಇದನ್ನ?" ಅಂತ ಕೇಳುತ್ತಾಳೆ. ನೀರು, ಗೊಬ್ಬರ, ಬಿಸಿಲು ಎಲ್ಲಾ ಸರಿ ಇದೆ. ಏನಾಗಿದೆ ಹೇಳಿ.

ದುರ್ಗದ ಕೆಮ್ಮಣ್ಣು:
ಗೊಬ್ಬರ ಸರಿ ಇದೆ ಅಂದರೆ ಏನು ಹಾಕುತ್ತಿದ್ದೀರಿ ಸರ್?

ನಿಟುವಳ್ಳಿ ಹಿತ್ತಲು:
ವಾರಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿದ ನೀರು. ಎಲ್ಲರೂ ಹಾಕುವುದೇ ಅಲ್ವಾ.

ದುರ್ಗದ ಕೆಮ್ಮಣ್ಣು:
ಸಿಕ್ಕಿತು ಕಳ್ಳ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ ಏಳರಷ್ಟು ಸಾರಜನಕ ಇರುತ್ತದೆ. ವಾರ ವಾರ ಕುಡಿಸಿದರೆ ಗಿಡ ಸೊಪ್ಪು ಬಿಡುತ್ತದೆ, ಹೂ ಯಾಕೆ ಬಿಡುತ್ತದೆ? ನಿಲ್ಲಿಸಿ. ಒಂದೊಂದು ಹಿಡಿ ಬೂದಿ ಹಾಕಿ. ಅದೂ ಅಲ್ಲದೆ ನಿಮ್ಮ ದಾವಣಗೆರೆ ಕಡೆ ಎರೆ ಮಣ್ಣು, ನೀರು ಬಿಡುವುದೇ ಇಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಎಸೆದ ಬೀಜವೂ ಹೂ ಬಿಡುತ್ತದೆ.

ಬೆಣ್ಣೆ ದೋಸೆ:
ದಾವಣಗೆರೆ ಅಂದರೆ ಪೂರ್ತಿ ಎರೆ ಅಂತ ಯಾರು ಹೇಳಿದ್ದು? ನಮ್ಮ ಹಿತ್ತಲಲ್ಲೂ ಕೆಮ್ಮಣ್ಣೇ ಇದೆ. ಎರೆಯಲ್ಲಿ ಚೆಂಡು ಹೂ ಬರಲ್ಲ ಅನ್ನುವುದೂ ಸುಳ್ಳು. ನೀರು ನಿಲ್ಲದ ಹಾಗೆ ಏರು ಮಡಿ ಮಾಡಿದರೆ ಮುಗೀತು.

ತಾರಸಿ ಅಕ್ಕ:
ಮಣ್ಣಿನ ಜಗಳ ಆಮೇಲೆ ಆಡಿ. ಬೀಜ ಎಲ್ಲಿಯದು? ತುದಿ ಚಿವುಟಿದಿರಾ?

ನಿಟುವಳ್ಳಿ ಹಿತ್ತಲು:
ಚಿವುಟಿಲ್ಲ ಅಕ್ಕ. ಬೀಜ ಹೋದ ವರ್ಷದ ದೀಪಾವಳಿ ಮಾಲೆಯದು, ದೊಡ್ಡ ಕಿತ್ತಳೆ ಬಣ್ಣದ ಹೂ.

ಬೆಣ್ಣೆ ದೋಸೆ:
ಮಾಲೆ ಬೀಜ! ಅದು ಹೈಬ್ರಿಡ್ ಆಗಿದ್ದರೆ ಮರಿ ತಾಯಿ ಹಾಗೆ ಬರಲ್ಲ.

ತಾರಸಿ ಅಕ್ಕ:
ಹೂ ಸಣ್ಣದಾಗಬಹುದು, ಬಣ್ಣ ಬೇರೆ ಆಗಬಹುದು. ಹದಿನಾಲ್ಕೂ ಗಿಡ ಮೊಗ್ಗೇ ಬಿಡದೆ ಇರಲ್ಲ.

ಜಿನಿಯಾ ಹುಚ್ಚ:
ಇಲ್ಲೇ ಕೇಳುತ್ತೇನೆ, ಬೈಬೇಡಿ. ನನ್ನ ಜಿನಿಯಾ ಎಲೆ ಮೇಲೆ ಗೋಧಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಏನು ಮಾಡಲಿ?

ದುರ್ಗದ ಕೆಮ್ಮಣ್ಣು:
ಹಿಂಡಿ ನಿಲ್ಲಿಸಿದರಾ ಇಲ್ವಾ, ಅದು ಹೇಳಿ ಮೊದಲು.

ನಿಟುವಳ್ಳಿ ಹಿತ್ತಲು:
ನಿಲ್ಲಿಸುತ್ತೇನೆ ಸರ್. ಆದರೆ ಒಂದು ಅನುಮಾನ. ನೀರಿನ ಟ್ಯಾಂಕ್ ಹಿಂದೆ ಹದಿನೈದನೆಯದು ಒಂದಿದೆ, ಅದು ತಾನಾಗಿ ಹುಟ್ಟಿದ್ದು ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಡಿಯಿಂದ ಸಿಡಿದ ಅದೇ ಬೀಜ, ಅದಕ್ಕೂ ಅದೇ ಹಿಂಡಿ ನೀರು. ಅದರಲ್ಲಿ ಆರು ಹೂ ಬಿಟ್ಟಿವೆ.

ತಾರಸಿ ಅಕ್ಕ:
ಇದನ್ನ ಈಗ ಹೇಳುತ್ತೀರಲ್ಲ! ರಾತ್ರಿ ಮಡಿ ಮೇಲೆ ಬೆಳಕು ಬೀಳುತ್ತದಾ?

ನಿಟುವಳ್ಳಿ ಹಿತ್ತಲು:
ಕಾಂಪೌಂಡ್ ಪಕ್ಕದ ಕಂಬಕ್ಕೆ ಮೇ ತಿಂಗಳಲ್ಲಿ ಹೊಸ ಎಲ್‌ಇಡಿ ಹಾಕಿದರು. ರಾತ್ರಿ ಅಲ್ಲಿ ಕೂತು ಪೇಪರ್ ಓದಬಹುದು. ಟ್ಯಾಂಕ್ ಹಿಂದೆ ಮಾತ್ರ ಕತ್ತಲೆ. ಹೂವಿಗೂ ಲೈಟಿಗೂ ಏನು ಸಂಬಂಧ?

ತಾರಸಿ ಅಕ್ಕ:
ಅದೇ ಸಂಬಂಧ. ಈ ದೊಡ್ಡ ಜಾತಿ ಚೆಂಡು ಹೂ ಹಗಲು ಗಿಡ್ಡ, ರಾತ್ರಿ ಉದ್ದ ಆದಾಗ ಬೇಗ ಮೊಗ್ಗು ಕಟ್ಟುತ್ತದೆ. ರಾತ್ರಿಯಿಡೀ ಲೈಟ್ ಉರಿದರೆ ಗಿಡಕ್ಕೆ ಕತ್ತಲೆಯೇ ಆಗಲ್ಲ, ಬೆಳೆಯುತ್ತಾ ಹೋಗುತ್ತದೆ. ಪಾಲಿಹೌಸ್‌ನಲ್ಲಿ ಸೇವಂತಿಗೆ ಬೆಳೆಯುವವರು ಬೇಕಂತಲೇ ರಾತ್ರಿ ಬಲ್ಬ್ ಹಾಕಿ ಹೂ ತಡೆಯುತ್ತಾರೆ. ಚೆಂಡು ಹೂವಿನ ಸಣ್ಣ ಫ್ರೆಂಚ್ ಜಾತಿಗೆ ಇದರ ಕಾಟ ಕಡಿಮೆ. ಏಳು ಗಿಡಕ್ಕೆ ಸಂಜೆ ಆರೂವರೆಯಿಂದ ಬೆಳಿಗ್ಗೆ ಆರೂವರೆ ತನಕ ಕಪ್ಪು ಟಾರ್ಪಾಲ್ ಮುಚ್ಚಿ. ಕೋಲು ನೆಟ್ಟು ಅದರ ಮೇಲೆ ಹೊದಿಸಿ, ಗಿಡದ ಮೇಲೇ ಹಾಕಿದರೆ ತುದಿ ಮುರಿಯುತ್ತದೆ. ಬೆಳಿಗ್ಗೆ ಮರೆಯದೆ ತೆಗೆಯಿರಿ, ಇಲ್ಲಾಂದ್ರೆ ಬೆಂದು ಹೋಗುತ್ತವೆ.

ದುರ್ಗದ ಕೆಮ್ಮಣ್ಣು:
ಟಾರ್ಪಾಲ್ ಎಲ್ಲಾ ಸುಮ್ನೆ ಖರ್ಚು. ಹಿಂಡಿ ನಿಲ್ಲಿಸಿದರೆ ಸಾಕು. ನಮ್ಮ ತಾರಸಿಯಲ್ಲಿ ಅರವತ್ತು ಗ್ರೋ ಬ್ಯಾಗ್, ಎಲ್ಲಕ್ಕೂ ಡ್ರಿಪ್. ಕೋಳಿ ಜುಟ್ಟು ಮೂರು ಬಣ್ಣ, ಟೇಬಲ್ ರೋಸ್ ಎಂಟು ಬಣ್ಣ, ಕಾಸ್ಮಾಸ್ ತಲೆ ಮೇಲೆ ಹೋಗಿದೆ. ಒಂದಕ್ಕೂ ಹೊದಿಕೆ ಹೊದಿಸಿಲ್ಲ.

ಬೆಣ್ಣೆ ದೋಸೆ:
ಅರವತ್ತು ಬ್ಯಾಗಿನ ಭಾರ ಹೊರುವ ತಾರಸಿಯ ಫೋಟೋ ಹಾಕಿ, ನಾವೂ ನೋಡೋಣ.

ನಿಟುವಳ್ಳಿ ಹಿತ್ತಲು:
ಹದಿನೆಂಟು ದಿನ ಆಯಿತು. ಟಾರ್ಪಾಲ್ ಮುಚ್ಚಿದ ಏಳರಲ್ಲಿ ಐದಕ್ಕೆ ತುದಿಯಲ್ಲಿ ಎಲೆ ಸರಿಸಿದರೆ ಕಡಲೆಕಾಳಿನಷ್ಟು ಹಸಿರು ಗುಂಡು ಸಿಗುತ್ತಿದೆ. ಮುಚ್ಚದ ಏಳರಲ್ಲಿ ಏನೂ ಇಲ್ಲ. ಆಯುಧ ಪೂಜೆಗೆ ಮಾರ್ಕೆಟ್ ಹೂವೇ ಗತಿ ಆಯಿತು, ಆ ಕಥೆ ಬೇಡ.

ದುರ್ಗದ ಕೆಮ್ಮಣ್ಣು:
ಹಿಂಡಿ ನಿಲ್ಲಿಸಿದಿರಲ್ಲ, ನಾನು ಹೇಳಿರಲಿಲ್ವಾ.

ನಿಟುವಳ್ಳಿ ಹಿತ್ತಲು:
ಹದಿನಾಲ್ಕಕ್ಕೂ ನಿಲ್ಲಿಸಿದ್ದೆ ಸರ್.

ತಾರಸಿ ಅಕ್ಕ:
ಮೊಗ್ಗು ಬಟಾಣಿ ಗಾತ್ರ ಆಗುವ ತನಕ ಮುಚ್ಚುತ್ತಾ ಇರಿ. ದೀಪಾವಳಿಗೆ ನೋಡೋಣ. ಜಿನಿಯಾದವರು ಇದ್ದೀರಾ? ಪುಡಿ ಹಿಡಿದ ಎಲೆ ಕಿತ್ತು, ಗಿಡದ ನಡುವೆ ಗಾಳಿ ಆಡಲು ಜಾಗ ಬಿಡಿ. ಇನ್ನೂ ಹಬ್ಬಿದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ ಎರಡು ಗ್ರಾಂ, ಬಿಸಿಲು ಇಳಿದ ಮೇಲೆ ಸಿಂಪಡಿಸಿ.

ಜಿನಿಯಾ ಹುಚ್ಚ:
ಹೋದ ವಾರವೇ ಎಲ್ಲಾ ಕಿತ್ತು ಹಾಕಿದೆ ಅಕ್ಕ.