ಬೈಪಾಸ್ ಜೊತೆಗೆ ವಾಲ್ವ್ ರಿಪೇರಿಯೂ ಬೇಕಾ? ಅನುಭವ ಇರುವವರು ಹೇಳಿ

ಪ್ರಶ್ನೆ: ಅಪ್ಪನಿಗೆ 64 ವರ್ಷ. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಆಗಲೇಬೇಕು ಅಂದಿದ್ದಾರೆ. ಈಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟ, ಲೀಕ್ ಆಗುವುದೂ ಕಂಡಿದೆ. ಒಬ್ಬ ಡಾಕ್ಟರು ಅದನ್ನೂ ಒಟ್ಟಿಗೇ ರಿಪೇರಿ ಮಾಡೋಣ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ 1: ನಮ್ಮ ಮಾವನವರದೂ ಇದೇ ಕತೆ. ವಾಲ್ವೇ ಕೆಟ್ಟಿದೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಹಳೇ ಮನೆಯ ಬಾಗಿಲು ನೋಡಿದ್ದೀರಲ್ಲ, ಗೋಡೆ ವಾಲಿದರೆ ಬಾಗಿಲು ಗಟ್ಟಿ ಇದ್ದರೂ ಎರಡು ಕದ ಕೂಡುವುದಿಲ್ಲ. ಇದೂ ಹಾಗೇ. ಅಟ್ಯಾಕ್‌ನಲ್ಲಿ ಸ್ನಾಯು ಸತ್ತು ಹೃದಯದ ಎಡ ಕೆಳಕೋಣೆ ಹಿಗ್ಗುತ್ತದೆ. ವಾಲ್ವಿನ ಕದಗಳಿಗೆ ಕಟ್ಟಿದ ದಾರಗಳು ಅವನ್ನು ಕೆಳಕ್ಕೆ ಜಗ್ಗುತ್ತವೆ, ನಡುವೆ ಸಂದಿ ಬೀಳುತ್ತದೆ. ರಿಪೇರಿಯಲ್ಲಿ ಸಾಮಾನ್ಯವಾಗಿ ಅಳತೆಗಿಂತ ಚಿಕ್ಕ ರಿಂಗ್ ಹೊಲಿದು ಚೌಕಟ್ಟು ಬಿಗಿ ಮಾಡುತ್ತಾರೆ. ಆದರೆ ಗೋಡೆ ಇನ್ನೂ ವಾಲಿದರೆ? ಮಾವನವರಿಗೆ ಒಂದೂವರೆ ವರ್ಷಕ್ಕೇ ಲೀಕ್ ವಾಪಸ್ ಬಂತು. ಹೀಗಾಗಬಹುದು ಅಂತ ಮೊದಲೇ ಯಾರೂ ಹೇಳಿರಲಿಲ್ಲ, ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಆಮೇಲೆ ಓದಿ ತಿಳಿದದ್ದು: ಜೋರು ಲೀಕ್ ಇದ್ದ 251 ಜನರ ಮೇಲೆ ನಡೆದ ಅಧ್ಯಯನದ ಎರಡು ವರ್ಷದ ಲೆಕ್ಕ 2016ರಲ್ಲಿ ಬಂತು. ರಿಪೇರಿ ಆದವರಲ್ಲಿ ನೂರಕ್ಕೆ ಸುಮಾರು 59 ಜನರಿಗೆ ಲೀಕ್ ಮರುಕಳಿಸಿತ್ತು, ವಾಲ್ವ್ ಬದಲಿಸಿದವರಲ್ಲಿ ಸುಮಾರು 4. ಹಾಗಂತ ಬದಲಿಸಿದವರು ಜಾಸ್ತಿ ಬದುಕಿದರು ಅಂತೇನಿಲ್ಲ, ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಉತ್ತರ 2: ಲೀಕ್ ಎಷ್ಟು ಅಂತ ನೀವು ಬರೆದೇ ಇಲ್ಲ! ಮೈಲ್ಡಾ, ಮಾಡರೇಟಾ, ಸಿವಿಯರಾ? ಎಲ್ಲಾ ಅದರ ಮೇಲೇ ನಿಂತಿದೆ. ಅಮ್ಮನಿಗೆ ಮಾಡರೇಟ್ ಇತ್ತು, ಬರೀ ಬೈಪಾಸ್ ಮಾಡಿದರು. ರಕ್ತ ಚೆನ್ನಾಗಿ ಹರಿದ ಮೇಲೆ ಸ್ನಾಯು ಸ್ವಲ್ಪ ಚೇತರಿಸಿಕೊಂಡು ಲೀಕ್ ತಾನಾಗೇ ಇಳಿಯಿತು. ಎಲ್ಲರಿಗೂ ಹಾಗಾಗುವುದಿಲ್ಲ. ಮಾಡರೇಟ್ ಲೀಕ್ ಇದ್ದ 301 ಜನರ ಅಧ್ಯಯನದಲ್ಲಿ, ರಿಪೇರಿ ಸೇರಿಸಿದವರಿಗೂ ಬರೀ ಬೈಪಾಸ್ ಆದವರಿಗೂ ಎರಡು ವರ್ಷದಲ್ಲಿ ಸಾವು ಹೆಚ್ಚುಕಡಿಮೆ ಒಂದೇ, ನೂರಕ್ಕೆ ಹತ್ತರ ಆಸುಪಾಸು. ರಿಪೇರಿ ಆದವರಲ್ಲಿ ಉಳಿದ ಲೀಕ್ ಕಡಿಮೆ, ಆದರೆ ಪಾರ್ಶ್ವವಾಯುವಿನಂಥ ತೊಂದರೆ ಜಾಸ್ತಿ. ಅದಕ್ಕೇ ಡಾಕ್ಟರುಗಳಲ್ಲೇ ಎರಡು ಮಾತು.

ಇನ್ನೊಂದು: ಅರಿವಳಿಕೆ ಕೊಟ್ಟ ಮೇಲೆ ಬಿಪಿ ಇಳಿದು ಲೀಕ್ ಇರುವುದಕ್ಕಿಂತ ಕಡಿಮೆ ಕಾಣಬಹುದು. ಎಚ್ಚರ ಇದ್ದಾಗ ತೆಗೆದ ಎಕೋ ನೋಡಿಯೇ ತೀರ್ಮಾನ ಆಗಲಿ.

ಉತ್ತರ 3: ಬದಲಿಸುವುದಾದರೆ ಯಾವ ವಾಲ್ವ್ ಅಂತ ಕೇಳಿ. ನನ್ನದು ಲೋಹದ್ದು. ಸಾಯುವ ತನಕ ರಕ್ತ ತೆಳು ಮಾಡುವ ಮಾತ್ರೆ, ಆಗಾಗ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು). ಸೊಪ್ಪು ಆ ಮಾತ್ರೆಯ ಕೆಲಸ ಕುಗ್ಗಿಸುತ್ತದೆ; ಪೂರ್ತಿ ಬಿಡಬೇಕಿಲ್ಲ, ಆದರೆ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂದರೆ ಲೆಕ್ಕ ತಪ್ಪುತ್ತದೆ. ರಾತ್ರಿ ಟಿಕ್ ಟಿಕ್ ಕೇಳಿಸುತ್ತದೆ, ನಮ್ಮನೆಯವರಿಗೆ ಈಗ ಅದಿಲ್ಲದೆ ನಿದ್ದೆ ಬರಲ್ಲ!

ಪ್ರಶ್ನೆ ಕೇಳಿದವರು: ರಿಪೋರ್ಟ್ ತೆಗೆದು ನೋಡಿದೆ. ಮಾಡರೇಟ್ ಅಂತಿದೆ, ಇಎಫ್ (ಪ್ರತಿ ಬಡಿತಕ್ಕೆ ಎಡ ಕೆಳಕೋಣೆಯ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಅನ್ನುವ ಲೆಕ್ಕ) 35. ಸೋಮವಾರ ಇಬ್ಬರು ಡಾಕ್ಟರನ್ನೂ ಇದನ್ನೇ ಕೇಳುತ್ತೇನೆ.