ಏನು ಬಿಡಲಿ ಅನ್ನುವ ಮೊದಲು

ಪುಟ್ಟೀ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. "ಬರುವ ವಾರ ಬೂದಿ ಬುಧವಾರ, ತಪಸ್ಸುಕಾಲಕ್ಕೆ ಏನು ಬಿಡಲಿ ಅಂತ ಗೊತ್ತಾಗ್ತಿಲ್ಲ ಅತ್ತೆ" ಅಂತ ಕೇಳಿದ್ದೀಯ. ತಪಸ್ಸುಕಾಲ ಅಂದರೆ ಬೂದಿ ಬುಧವಾರ ಶುರುವಾಗುವ, ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸದ ಕಾಲ, ಆಗ ಇಷ್ಟದ್ದೇನಾದರೂ ಬಿಡುವುದು ನಮ್ಮ ರೂಢಿ. ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದು.

ಬಿಡುವ ಯೋಚನೆ ಆಮೇಲೆ ಮಾಡೋಣ. ಇನ್ನೂ ಕೆಲವು ದಿನ ಇದೆ ಅಲ್ವಾ, ಅಷ್ಟರಲ್ಲಿ ಯಾರ ಜೊತೆ ಮಾತು ನಿಂತಿದೆ ಅಂತ ನೋಡಿಕೋ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಉಪವಾಸ ಸೋಮವಾರ ಶುರುವಾಗುತ್ತದೆ. ಹಿಂದಿನ ದಿನ ಕ್ಷಮೆಯ ಭಾನುವಾರ. ಅವತ್ತು ಗುರುಗಳು, ಜನ, ಎಲ್ಲರೂ ಒಬ್ಬರ ಮುಂದೆ ಒಬ್ಬರು ತಲೆಬಾಗಿ ಕ್ಷಮೆ ಕೇಳುತ್ತಾರೆ. "ದೇವರು ಕ್ಷಮಿಸುತ್ತಾನೆ" ಅಂತ ಎದುರಿನವರು ಉತ್ತರ ಕೊಡುತ್ತಾರೆ. ಆ ಕ್ರಮ ನನಗೆ ತುಂಬಾ ಇಷ್ಟ. ನಮ್ಮ ಕಥೋಲಿಕರಿಗೆ ಅಂಥ ದಿನ ಇಲ್ಲದಿದ್ದರೂ ಪಾಪನಿವೇದನೆ ಇದೆ, ಗುರುಗಳ ಮುಂದೆ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯುವುದು. ಅದನ್ನು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ತನಕ ಎಳೆಯಬೇಡ, ಈಗಲೇ ಮಾಡಿಬಿಡು.

ಪಾಪನಿವೇದನೆಗೆ ಹೋಗುವ ಮುಂಚೆ ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ಕೂತುಕೋ. ಮೊದಲು ಮುಖಗಳನ್ನು ನೆನಪಿಸಿಕೋ. ಮನೆಯವರು, ಜೊತೆಗೆ ಕೆಲಸ ಮಾಡುವವರು, ಫೋನ್ ಬಂದರೂ ನೀನು ಎತ್ತದೆ ಬಿಟ್ಟವರು. ಯಾವ ಹೆಸರಿಗೆ ಮೈ ಬಿಗಿಯಾಗುತ್ತದೋ ಅಲ್ಲಿಂದಲೇ ಶುರು ಮಾಡು.

ಇನ್ನು ಬಿಡುವ ವಿಷಯ. ಬೂದಿ ಬುಧವಾರ ಓದುವ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು. ಅಲ್ಲಿ ಯೇಸು ಮೊದಲು ದಾನದ ಮಾತು ಎತ್ತುತ್ತಾರೆ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ. ನಾವೋ ಉಪವಾಸದಿಂದ ಶುರು ಮಾಡಿ ಅಲ್ಲೇ ನಿಂತುಬಿಡುತ್ತೇವೆ. ಅದಕ್ಕೇ ಹೇಳುತ್ತೇನೆ, ಬಿಟ್ಟದ್ದು ಯಾರಿಗೆ ಹೋಗುತ್ತದೆ ಅಂತ ಮೊದಲೇ ನಿರ್ಧರಿಸು. ಮಾಂಸ ಬಿಟ್ಟು ಉಳಿದ ದುಡ್ಡು ನಮ್ಮ ಪರ್ಸ್‌ನಲ್ಲೇ ಕೂತರೆ ಅದು ಬರೀ ಉಳಿತಾಯ. ಫೋನ್ ನೋಡುವುದು ಕಡಿಮೆ ಮಾಡಿದರೆ ಆ ಸಮಯ ಯಾರಿಗೆ? ಅದನ್ನೂ ಯೋಚಿಸು. ಹಸಿದವರಿಗೆ ರೊಟ್ಟಿ ಹಂಚು, ಅದೇ ನನಗೆ ಇಷ್ಟವಾದ ಉಪವಾಸ ಅಂತ ಬೈಬಲ್‌ನ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾರಲ್ಲ. ಒಂದೇ ಒಂದು ಸಂಕಲ್ಪ ಸಾಕು, ಆದರೆ ಅದು ಯಾರಿಗಾದರೂ ತಲುಪಲಿ.

ಕಳೆದ ವರ್ಷ ಗರಿಗಳ ಭಾನುವಾರ ಚರ್ಚ್‌ನಿಂದ ತಂದ ಗರಿ ನಿಮ್ಮ ಮನೆಯ ಶಿಲುಬೆಯ ಹಿಂದೆ ಇನ್ನೂ ಇದ್ದರೆ ಚರ್ಚ್‌ಗೆ ತಂದುಕೊಡು. ಅವನ್ನೇ ಸುಟ್ಟು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುವುದು. ಒಣಗಿ ಮುಟ್ಟಿದರೆ ಪುಡಿಯಾಗುತ್ತದೆ, ಜೋಪಾನ. ಮಕ್ಕಳ ಕೈಯಲ್ಲೇ ತೆಗೆಸು. ಅವತ್ತು "ಹೊಸಾನ್ನ" ಅಂತ ಜಯಘೋಷ ಮಾಡಿ ಎತ್ತಿ ಹಿಡಿದ ಗರಿಯೇ ಈಗ ಹಣೆಗೆ ಬರುತ್ತದೆ ಅಂತ ಅವರಿಗೆ ಹೇಳು. ಆ ಮಾತು ಅವರಿಗೆ ಬೇಗ ನಾಟುತ್ತದೆ.

ಅಣ್ಣಾ, ನೀವು ಸಕ್ಕರೆ ಕಾಯಿಲೆ ಇಟ್ಟುಕೊಂಡು 40 ದಿನವೂ ಉಪವಾಸ ಅಂತಿದ್ದೀರಿ. ದಯವಿಟ್ಟು ಬೇಡ. ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 59 ತುಂಬಿದವರಿಗೆ ಇಲ್ಲ. ನೀವು ದಿನಾ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಪ್ರಾರ್ಥನೆ ನಡೆಸಿ. ಮನೆಗೆ ಅದು ಜಾಸ್ತಿ ಬೇಕು.

ಮಂಗಳವಾರ ಪಾಪನಿವೇದನೆಗೆ ಗುರುಗಳು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಯಾರಾದರೂ ಕೇಳಿ ಇಲ್ಲೇ ಹಾಕಿ.