ಐದೂವರೆಗೆ ಒಂದನೇ ಕ್ಲಾಸು: ಹುಣಸೆಬೀಜದ ಪರೀಕ್ಷೆ ಏನು ಹೇಳುತ್ತೆ?

ಗುಬ್ಬಿ ಮೇಷ್ಟ್ರು: ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋ ನಿಯಮವನ್ನ ಸರ್ಕಾರ 2025-26ನೇ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ನನ್ನ ಪ್ರಕಾರ ಇದು ತಪ್ಪು. ಎರಡರಿಂದ ಏಳು ವರ್ಷದ ಮಗು ಕಣ್ಣಿಗೆ ಕಂಡಿದ್ದನ್ನೇ ನಂಬುತ್ತೆ ಅಂತ ಮಕ್ಕಳ ಬುದ್ಧಿ ಬೆಳೆಯೋ ಬಗೆಯನ್ನ ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ತೋರಿಸಿಕೊಟ್ಟಿದ್ದಾರೆ. ಯಾರು ಬೇಕಾದ್ರೂ ಮಾಡಿ ನೋಡಬಹುದು. ಬೀಜ ಜಾರದ ಹಾಗೆ ಬಟ್ಟೆ ಹಾಸಿ, ಆರು ಹುಣಸೆಬೀಜ ಸಾಲಾಗಿಡಿ. ಒಂದೊಂದರ ಎದುರಿಗೂ ಒಂದೊಂದು ಬರುವಂತೆ ಇನ್ನಾರು ಇಡಿ. ಮೂರು ಬೀಜ ಸಾಲದು, ಅಷ್ಟನ್ನ ಮಗು ಎಣಿಸದೇ ನೋಡಿ ಹೇಳಿಬಿಡುತ್ತೆ. ಎರಡೂ ಸಮ ಅಂತ ಮಗು ಒಪ್ಪಿದ ಮೇಲೆ ಅದರ ಕಣ್ಣೆದುರೇ ಒಂದು ಸಾಲನ್ನ ಅಗಲಿಸಿ, ಮತ್ತೆ ಕೇಳಿ. ಐದು ವರ್ಷದ ಹೆಚ್ಚಿನ ಮಕ್ಕಳು ಉದ್ದ ಇರೋ ಸಾಲಲ್ಲೇ ಜಾಸ್ತಿ ಇದೆ ಅಂತಾವೆ. ಅಂಥ ಮಗುವಿಗೆ ಕೂಡೋ ಲೆಕ್ಕ ಕಲಿಸಿದರೆ ಅದು ಬಾಯಿಪಾಠವೇ ಆಗೋದು.

ಶಿಡ್ಲಘಟ್ಟ: "ಮತ್ತೆ ಕೇಳಿ" ಅಂದ್ರಲ್ಲ ಮೇಷ್ಟ್ರೆ, ಎಡವಟ್ಟು ಅಲ್ಲೇ ಇರೋದು. ದೊಡ್ಡವರು ಒಂದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪು ಅಂತಲೇ ನಮ್ಮ ಮಕ್ಕಳು ತಿಳಿಯೋದು. ಕ್ಲಾಸಲ್ಲಿ ದಿನಾ ನಡೆಯೋದು ಅದೇ. 1984ರಲ್ಲಿ ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ ಅನ್ನೋ ಸಂಶೋಧಕರು ಮೊದಲನೇ ಪ್ರಶ್ನೆ ಬಿಟ್ಟು, ಸಾಲು ಬದಲಾಯಿಸಿದ ಮೇಲೆ ಒಂದೇ ಸಲ ಕೇಳಿದರು. ತಪ್ಪು ಉತ್ತರ ಕಡಿಮೆಯಾಯಿತು. ನೀವು ಅಳೀತಿರೋದು ಮಗುವಿನ ಬುದ್ಧಿಯನ್ನಲ್ಲ, ಅದು ಮೇಷ್ಟ್ರಿಗೆ ಎಷ್ಟು ಹೆದರುತ್ತೆ ಅನ್ನೋದನ್ನ.

ಗುಬ್ಬಿ ಮೇಷ್ಟ್ರು: ಕಡಿಮೆಯಾಯಿತು ಅಷ್ಟೆ, ಇಲ್ಲವಾಗಲಿಲ್ಲ. ಅದೇ ಪ್ರಯೋಗದಲ್ಲಿ ಐದರಿಂದ ಎಂಟು ವರ್ಷದವರೆಗಿನ ಮಕ್ಕಳಿದ್ದರು. ಹೇಗೇ ಕೇಳಿದರೂ ದೊಡ್ಡ ಮಕ್ಕಳೇ ಮುಂದಿದ್ದರು. ಆ ಭಾಗ ಯಾಕೆ ಬಿಟ್ರಿ?

ತಿಪಟೂರು ಟೀಚರ್: ಪರೀಕ್ಷೆ ಪಕ್ಕಕ್ಕಿಡಿ. ವಯಸ್ಸಿನ ಗೆರೆ ಎಲ್ಲೇ ಎಳೆದರೂ ಗೆರೆಯ ಅಂಚಲ್ಲಿ ಹುಟ್ಟಿದ ಮಗು ಕ್ಲಾಸಿಗೇ ಚಿಕ್ಕದಾಗುತ್ತೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಿಸೋ ವಯಸ್ಸಿನ ಗೆರೆ ಡಿಸೆಂಬರ್ 31. ಅಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಜನವರಿಯಲ್ಲಿ ಹುಟ್ಟಿದವರಿಗಿಂತ ಡಿಸೆಂಬರಿನ ಹುಡುಗರಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಹಣೆಪಟ್ಟಿ ಬೀಳೋ ಸಂಭವ ಶೇ. 30ರಷ್ಟು ಜಾಸ್ತಿ, ಹುಡುಗಿಯರಿಗೆ ಶೇ. 70ರಷ್ಟು. ಕಾಯಿಲೆ ತಿಂಗಳು ನೋಡ್ಕೊಂಡು ಬರಲ್ಲ. ಹನ್ನೊಂದು ತಿಂಗಳು ಚಿಕ್ಕ ಮಗುವನ್ನ ದೊಡ್ಡದರ ಪಕ್ಕ ಕೂರಿಸಿ ಅಳೆದದ್ದರ ಫಲ ಅದು. ಹಾಗಾಗಿ ಪ್ರಶ್ನೆ ಗೆರೆಯದ್ದಲ್ಲ, ಒಂದನೇ ಕ್ಲಾಸಲ್ಲಿ ಏನು ಮಾಡಿಸ್ತೀವಿ ಅನ್ನೋದು. 2020ರ ಶಿಕ್ಷಣ ನೀತಿಯಲ್ಲಿ 3ರಿಂದ 8 ವರ್ಷ ಒಂದೇ ಹಂತ, ಅಂಗನವಾಡಿಯಿಂದ ಎರಡನೇ ಕ್ಲಾಸಿನವರೆಗೆ.

ಶಿಡ್ಲಘಟ್ಟ: ಮೇಡಂ, ಮೇಷ್ಟ್ರು "ಹೇಗೇ ಕೇಳಿದರೂ" ಅಂದಿದ್ದಾರೆ, ಅದನ್ನ ಬಿಡೋಕಾಗಲ್ಲ. ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಸ್ಕಾಟ್ಲೆಂಡಿನಲ್ಲಿ ಮಾಡಿದ ಪ್ರಯೋಗ ನೋಡಿ. ಸಾಲು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿ ಗೊಂಬೆ. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಸಮ ಅಂದರು! ದೊಡ್ಡವರು ಬೇಕಂತಲೇ ಸಾಲು ಅಗಲಿಸಿದರೆ, ಉದ್ದದ ವಿಷಯವೇ ಕೇಳ್ತಿದ್ದಾರೆ ಅಂತ ಮಗು ಅರ್ಥ ಮಾಡ್ಕೊಳುತ್ತೆ.

ಮುಳಬಾಗಿಲು ಗಡಿ: ಯಾವ ಭಾಷೇಲಿ ಕೇಳಿದ್ರಿ ಅನ್ನೋದನ್ನ ಯಾರೂ ಹೇಳ್ತಿಲ್ಲ. ಇಲ್ಲಿ, ಬಾಗೇಪಲ್ಲಿಯಲ್ಲಿ, ಪಾವಗಡದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. "ಯಾವುದರಲ್ಲಿ ಜಾಸ್ತಿ?" ಅಂತ ಕನ್ನಡದಲ್ಲಿ ಕೇಳಿದರೆ ಯಾವುದೋ ಒಂದು ಸಾಲು ತೋರಿಸಲೇಬೇಕು ಅಂತ ಮಗು ತಿಳಿಯುತ್ತೆ. "ಎರಡರಲ್ಲೂ ಅಷ್ಟಷ್ಟೇ ಇದಾವಾ, ಇಲ್ಲ ಒಂದರಲ್ಲಿ ಜಾಸ್ತಿ ಇದಾವಾ?" ಅಂತ ಎರಡೂ ದಾರಿ ಬಿಟ್ಟು, ಮನೆಮಾತಲ್ಲೇ ಕೇಳಬೇಕು.

ಗುಬ್ಬಿ ಮೇಷ್ಟ್ರು: ಕರಡಿ ಗೊಂಬೆಯ ಕತೆ ಅರ್ಧಕ್ಕೇ ನಿಲ್ಲಿಸಬೇಡಿ. 1986ರಲ್ಲಿ ಮೂರ್ ಮತ್ತು ಫ್ರೈ ಅದೇ ಗೊಂಬೆಯ ಕೈಯಿಂದ ಸಾಲಿಗೆ ನಿಜವಾಗಲೂ ಒಂದು ಬಿಲ್ಲೆ ಸೇರಿಸಿದರು. ಆಗಲೂ ಎಷ್ಟೋ ಮಕ್ಕಳು ಸಮ ಅಂದವು! ಅಂದರೆ ಗೊಂಬೆಯ ಚೇಷ್ಟೆ ನೋಡ್ತಾ ಸಾಲಿನ ಕಡೆ ಗಮನವೇ ಕೊಟ್ಟಿರಲಿಲ್ಲ. ನಿಮ್ಮ "ಸರಿ ಉತ್ತರ" ಗಮನ ತಪ್ಪಿದ್ದರಿಂದ ಬಂದಿದ್ದು. ಇದನ್ನ ಓದದೇ ಪಿಯಾಜೆಯನ್ನ ಬೀಳಿಸೋಕೆ ಹೊರಟಿದ್ದೀರಿ.

ಶಿಡ್ಲಘಟ್ಟ: ಓದದೇ ಅಂತ ಹೇಳೋಕೆ ನೀವ್ಯಾರು ಸ್ವಾಮಿ? ಗೊಂಬೆಯೇ ಬೇಡ, ಬಿಡಿ. ಸೆನೆಗಲ್‌ನ ವೊಲೊಫ್ ಜನಾಂಗದ ಮಕ್ಕಳಿಗೆ ಸಂಶೋಧಕಿ ಗ್ರೀನ್‌ಫೀಲ್ಡ್ ನೀರನ್ನ ತಾವೇ ಒಂದು ಲೋಟದಿಂದ ಬೇರೆ ಆಕಾರದ ಲೋಟಕ್ಕೆ ಸುರಿಯೋಕೆ ಬಿಟ್ಟರು, ಶಾಲೆ ಕಾಣದ ಮಕ್ಕಳ ಉತ್ತರವೂ ಸುಧಾರಿಸಿತು. ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳು ಜೇಡಿಮಣ್ಣಿನ ಉಂಡೆಯ ಪರೀಕ್ಷೆಯಲ್ಲಿ (ಆಕಾರ ಬದಲಾದರೂ ಮಣ್ಣು ಅಷ್ಟೇನಾ ಅಂತ ಕೇಳೋದು) ಮಿಕ್ಕ ಮಕ್ಕಳಿಗಿಂತ ಮುಂದಿದ್ದರು, 1969ರ ಪ್ರಬಂಧ. ಕೈಯಾಡಿಸಿದ್ದು ಬೇಗ ಬರುತ್ತೆ. ಐದೂವರೆಯ ಮಗು ಶಾಲೆಗೆ ಬಂದು ಬೀಜ ಮುಟ್ಟಿ ಆಡಲಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಗುಬ್ಬಿ ಮೇಷ್ಟ್ರು: "ಬೇಗ ಬರುತ್ತೆ" ಅನ್ನೋದನ್ನ ಪಿಯಾಜೆಯೂ ಅಲ್ಲಗಳೆದಿಲ್ಲ. ನೋಟ ಬದಲಾದರೂ ಅಷ್ಟೇ ಇರುತ್ತೆ ಅನ್ನೋ ತಿಳಿವು ಸಂಖ್ಯೆಯದ್ದು ಆರೇಳು ವರ್ಷಕ್ಕೆ, ಮಣ್ಣಿನ ಪ್ರಮಾಣ ಏಳೆಂಟಕ್ಕೆ, ತೂಕ ಒಂಬತ್ತು ಹತ್ತಕ್ಕೆ, ಗಾತ್ರ ಹನ್ನೊಂದರ ಆಸುಪಾಸಿಗೆ. ವಯಸ್ಸು ಅತ್ತಿತ್ತ ಆಗಬಹುದು, ಕ್ರಮ ಬದಲಾಗಲ್ಲ ಅನ್ನೋದೇ ಅವರ ವಾದ.

ಪಾವಗಡ: ಇಷ್ಟೆಲ್ಲ ಗಲಾಟೆಯಲ್ಲಿ ಬೆಳವಣಿಗೆ ಅಂದರೆ ಬಾಲ್ಯ ಮಾತ್ರ ಅನ್ನೋ ಹಾಗಾಗಿದೆ. ಬೇರೆ ಬೇರೆ ವಯಸ್ಸಿನವರನ್ನ ಒಂದೇ ದಿನ ಪಕ್ಕಪಕ್ಕ ಅಳೆದು "ವಯಸ್ಸಿಗೆ ಹೀಗಾಗುತ್ತೆ" ಅನ್ನೋದೇ ಅಪಾಯ. ಹಾಗೆ ಅಳೆದಾಗ ಮೂವತ್ತಕ್ಕೇ ಬುದ್ಧಿ ಇಳಿಯುತ್ತೆ ಅನ್ನಿಸಿತ್ತು. 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿ ಷಾಯ್ ಶುರುಮಾಡಿ ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನ ಮತ್ತೆ ಅಳೆದಾಗ, ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೂ ಗಟ್ಟಿಯಾಗಿದ್ದವು. ವ್ಯತ್ಯಾಸ ಬಹುಪಾಲು ತಲೆಮಾರಿನದ್ದು, ಓದು ಸಿಕ್ಕಿದ್ದರದ್ದು.

ತಿಪಟೂರು ಟೀಚರ್: ಪಾವಗಡದವರೇ, ನಾನು ಹೇಳಿದ ಹನ್ನೊಂದು ತಿಂಗಳಿಗೂ ಇದೇ ಮಾತು ಸಲ್ಲುತ್ತೆ. ಮಗುವನ್ನ ಪಕ್ಕದವರ ಜೊತೆ ಹೋಲಿಸಬೇಡಿ, ಜೂನ್‌ನಲ್ಲಿ ಏನಿತ್ತು, ನವೆಂಬರಿಗೆ ಏನಾಯ್ತು ಅಂತ ಅದೇ ಮಗುವಿನ ಹಾಳೆಯಲ್ಲಿ ಬರೆದಿಡಿ. ಹಾಜರಿ ಪಟ್ಟಿಯಲ್ಲಿ ಹುಟ್ಟಿದ ತಿಂಗಳೂ ಕಣ್ಣಿಗೆ ಬೀಳೋ ಹಾಗಿರಲಿ.

ಗುಬ್ಬಿ ಮೇಷ್ಟ್ರು: ಬರೆದಿಡಿ, ಆದರೆ ಸಮ ಅಂದ ಮಾತ್ರಕ್ಕೆ ಅರ್ಥವಾಗಿದೆ ಅಂತ ಬರೀಬೇಡಿ. ಯಾಕೆ ಅಂತ ಕೇಳಿ. "ಏನೂ ಸೇರಿಸಲಿಲ್ಲ, ತೆಗೀಲಿಲ್ಲ" ಅಂದರೆ ಸರಿ. "ಹಿಂದಕ್ಕೆ ತಂದ್ರೆ ಮೊದಲಿನ ಹಾಗೇ" ಅಂದರೂ ಸರಿ. "ಸಾಲು ಉದ್ದ ಇದೆ, ಆದ್ರೆ ಮಧ್ಯೆ ಜಾಗ ಬಿಟ್ಟಿದೆ" ಅಂದರೂ ಸರಿ. ಆಮೇಲೆ "ಇನ್ನೊಂದು ಮಗು ಇದೇ ಜಾಸ್ತಿ ಅಂತು, ನೀನೇನಂತೀಯ?" ಅಂತ ಅಲುಗಿಸಿ ನೋಡಿ. ಆಗಲೂ ನಿಂತರೆ ಒಪ್ತೀನಿ. ಕಾರಣವಿಲ್ಲದ ಸಮ ಊಹೆ ಅಷ್ಟೆ.

ಶಿಡ್ಲಘಟ್ಟ: ಅಲ್ಲಿಗೆ ನೀವು ಮಾತು ಬಲ್ಲ ಮಗುವನ್ನ ಮಾತ್ರ ಪಾಸ್ ಮಾಡಿದಿರಿ. ಗೊತ್ತಿದ್ದೂ ಹೇಳೋಕೆ ಬಾರದ ಮಗು ಫೇಲ್. ಮೇಲೆ "ಅಲುಗಿಸಿ ನೋಡಿ" ಬೇರೆ, ಮೊದಲು ಎರಡು ಸಲ ಕೇಳ್ತಿದ್ರಿ, ಈಗ ಮೂರು ಸಲ.

ಮುಳಬಾಗಿಲು ಗಡಿ: ಆ ಮೂರನೇದೂ ಕನ್ನಡದಲ್ಲೇನಾ?